ಮೂರು ದಿನಕ್ಕೆ ಮುಗಿಯಬೇಕಿದ್ದ ಡಬ್ಬಿ

ನಾಲ್ಕೂವರೆ ತಿಂಗಳ ಹೆಣ್ಣು ಮಗುವೊಂದರ ರಕ್ತದ ವರದಿ ನನ್ನ ಮೇಜಿಗೆ ಬಂತು. ಅದರ ಅಂಚಿನಲ್ಲಿ ನಮ್ಮ ಹಾರ್ಮೋನ್ ಡಾಕ್ಟರು ಪೆನ್ಸಿಲಿನಲ್ಲಿ 'ಏನು ಕುಡಿಯುತ್ತಿದೆ, ಕೇಳಿ' ಎಂದು ಗೀಚಿದ್ದರು. ಚೆನ್ನೈನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ನಾನು ಡಯಟೀಷಿಯನ್. ಡಾಕ್ಟರುಗಳು ನನ್ನ ಹತ್ತಿರ ಕಳಿಸುವುದು ಸಾಮಾನ್ಯವಾಗಿ ತೂಕ ಏರದ ಮಕ್ಕಳನ್ನು, ಇಲ್ಲವೇ ಮಿತಿಮೀರಿ ಏರಿಸಿಕೊಂಡ ಮಕ್ಕಳನ್ನು. ಈ ಮಗುವಿನ ತೂಕ ಚೆನ್ನಾಗಿತ್ತು, ಕೆನ್ನೆ ತುಂಬಿಕೊಂಡಿತ್ತು. ಕೆಟ್ಟಿದ್ದು ಒಂದೇ ಒಂದು ಅಂಕಿ, ಟಿಎಸ್‌ಎಚ್.

ಹುಟ್ಟಿನಿಂದಲೇ ಈ ಮಗುವಿನ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಹಿಮ್ಮಡಿಯಿಂದ ತೆಗೆದ ರಕ್ತದಲ್ಲೇ ಅದು ಗೊತ್ತಾಗಿ, ಎರಡನೇ ವಾರದಿಂದ ದಿನಕ್ಕೊಂದು ಹೊತ್ತು ಥೈರಾಕ್ಸಿನ್ ಮಾತ್ರೆ ನಡೆಯುತ್ತಿತ್ತು. ಮೊದಲ ಎರಡು ಮೂರು ವರ್ಷ ಮಗುವಿನ ಮಿದುಳು ಬೆಳೆಯಲು ಈ ಹಾರ್ಮೋನ್ ಬೇಕೇ ಬೇಕು. ಸಾಲದೆ ಹೋದರೆ ಕಳೆದುಕೊಂಡ ಬುದ್ಧಿಯನ್ನು ಆಮೇಲೆ ಯಾವ ಮದ್ದೂ ತಂದುಕೊಡುವುದಿಲ್ಲ. ಹಾರ್ಮೋನ್ ಕಡಿಮೆಯಾದಾಗ ತಲೆಯಿಂದ ಬರುವ ತಗಾದೆಯೇ ಟಿಎಸ್‌ಎಚ್. ಅದು ಐದರೊಳಗೆ ಇರಬೇಕು. ಮೂರನೇ ತಿಂಗಳವರೆಗೂ ಹಾಗೇ ಇತ್ತು. ಈಗ ಮೂವತ್ತು ದಾಟಿತ್ತು.

ಮಗುವನ್ನು ಎತ್ತಿಕೊಂಡು ಬಂದವರು ತಾಯಿ ಮತ್ತು ಅಜ್ಜಿ. ತಾಯಿ ಮೈಸೂರಿನ ಕಡೆಯವರು, ಕ್ರೋಂಪೇಟೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ, ಆಗ ಹೆರಿಗೆ ರಜೆಯಲ್ಲಿದ್ದರು. ಅಜ್ಜಿ ಅವರ ಅತ್ತೆ, ಉಡುಪಿ ಕಡೆಯವರು. ತ್ರಿಪ್ಲಿಕೇನಿನಲ್ಲಿ ನಲವತ್ತು ವರ್ಷದಿಂದ ಅವರದ್ದೊಂದು ಸಸ್ಯಾಹಾರಿ ಹೋಟೆಲು, ಅದರ ಮೇಲಿನ ಮಹಡಿಯಲ್ಲೇ ಮನೆ. ನಾನು ಕೋಲಾರದವಳು, ಕನ್ನಡದವಳು ಎಂದು ಗೊತ್ತಾದದ್ದೇ ಅಜ್ಜಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು.

ಹೆರಿಗೆಯ ನಂತರ ತಾಯಿ ತೆಗೆದುಕೊಳ್ಳಬೇಕಾಗಿ ಬಂದ ಒಂದು ಔಷಧಿಯಿಂದಾಗಿ ಎದೆಹಾಲು ಕೊಡುವ ಹಾಗಿರಲಿಲ್ಲ. ಮೊದಲು ಆಸ್ಪತ್ರೆಯವರು ಹೇಳಿದ ಹಸುವಿನ ಹಾಲಿನ ಪುಡಿ. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ತಾಯಿ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ್ದಾರೆ. ಅದರಲ್ಲಿ ಮೀನೆಣ್ಣೆ ಇತ್ತು.

"ಮೀನಿನ ಎಣ್ಣೆ ಅಂತೆ ಮಾರಾಯ್ರೆ!" ಎಂದರು ಅಜ್ಜಿ. "ನಮ್ಮ ಹೋಟ್ಲಲ್ಲಿ ನೀರುಳ್ಳಿ ಹಾಕಿದ ಸಾಂಬಾರಿಗೇ ಬೇರೆ ಪಾತ್ರೆ ಉಂಟು. ಮಗುವಿನ ಬಾಯಿಗೆ ಮೀನು ಹಾಕುದಾ?"

"ನಾನು ವೀಗನ್, ಮೇಡಂ. ಹಾಲು, ತುಪ್ಪ ಯಾವ್ದೂ ಮುಟ್ಟಲ್ಲ," ಎಂದರು ತಾಯಿ. "ಅವರಿಗೆ ಮೀನೆಣ್ಣೆ ಆಗಲ್ಲ, ನಂಗೆ ಹಾಲೇ ಆಗಲ್ಲ. ಅದಕ್ಕೆ ಸೋಯಾ ತಂದ್ವಿ. ಮದ್ವೆಯಾಗಿ ಆರು ವರ್ಷಕ್ಕೆ ನಾವಿಬ್ರೂ ಒಪ್ಪಿದ ಮೊದಲ್ನೇ ವಿಷ್ಯ ಇದು."

ಅಜ್ಜಿ ನಕ್ಕರು. ನಾನೂ ನಕ್ಕೆ. ಆದರೆ ಸೋಯಾ ಎಂಬ ಪದ ಕಿವಿಗೆ ಬಿದ್ದಾಗಲೇ ನನ್ನ ಪೆನ್ನು ನಿಂತುಬಿಟ್ಟಿತ್ತು. ಸೋಯಾ ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸೇರಬೇಕಾದ ಮದ್ದಿನ ಒಂದು ಪಾಲು ಮಲದಲ್ಲಿ ಹೊರಟು ಹೋಗುತ್ತದೆ. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಲು ಇದು. ಹದಿನಾಲ್ಕು ವರ್ಷದ ಕೆಲಸದಲ್ಲಿ ಅದು ಕಣ್ಣೆದುರು ಬಂದು ಕೂತದ್ದು ಇದೇ ಮೊದಲು. ಹೇಳಲು ಸಂಕೋಚ, ಆದರೆ ನನಗೆ ಮೊದಲು ಆದದ್ದು ಕಳವಳವಲ್ಲ, ಕುತೂಹಲ.

"ಸೋಯಾ ಅಂದ್ರೆ ಯಾವುದು? ಅಂಗಡೀಲಿ ಪ್ಯಾಕೆಟ್ಟಲ್ಲಿ ಸಿಗೋ ಸೋಯಾ ಹಾಲಾ?" ಎಂದು ಕೇಳಿದೆ. ಅದಾಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ದೊಡ್ಡವರು ಕುಡಿಯುವ ಸೋಯಾ ಹಾಲಾಗಲಿ, ಮನೆಯಲ್ಲಿ ರುಬ್ಬಿ ಸೋಸಿದ್ದಾಗಲಿ ಎಳೆ ಮಗುವಿಗೆ ಆಹಾರವೇ ಅಲ್ಲ. ತಾಯಿ ಚೀಲದಿಂದ ಡಬ್ಬಿ ತೆಗೆದಿಟ್ಟರು. ಶಿಶುಗಳಿಗೆಂದೇ ಮಾಡಿದ ಪುಡಿ. ಮುಚ್ಚಳದ ಮೇಲೆ ಅದನ್ನು ತೆರೆದ ತಾರೀಕನ್ನು ಮಾರ್ಕರ್‌ನಲ್ಲಿ ಬರೆದಿದ್ದರು.

"ಮಾತ್ರೆ ಹೇಗೆ ಕೊಡ್ತೀರಿ?"

"ಪುಡಿ ಮಾಡಿ ಬೆಳಗ್ಗೆ ಬಾಟ್ಲಿಗೇ ಹಾಕ್ಬಿಡ್ತೀನಿ. ಒಂದು ತೊಟ್ಟೂ ಬಿಡ್ದೆ ಕುಡೀತಾಳೆ."

ಒಂದು ತೊಟ್ಟೂ ಬಿಡದೆ ಮಾತ್ರೆಯನ್ನು ಸೋಯಾದ ಕೈಗೆ ಕೊಡುತ್ತಿದ್ದರು. ನಾನದನ್ನು ವಿವರಿಸಿದಾಗ ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾಯಿಗೆ ತಕ್ಷಣ ಅರ್ಥವಾಯಿತು, ಮಗುವನ್ನು ಎದೆಗೆ ಒತ್ತಿಕೊಂಡರು.

ಡಾಕ್ಟರು ತಮಿಳರು. ನಾವಿಬ್ಬರೂ ಆಡುವುದು ಅರ್ಧ ತಮಿಳು, ಅರ್ಧ ಇಂಗ್ಲಿಷು. ಅವರ ತೀರ್ಮಾನ ಸರಳವಾಗಿತ್ತು. ಮೀನೆಣ್ಣೆ ಇಲ್ಲದ ಹಸುವಿನ ಹಾಲಿನ ಪುಡಿಯೂ ಸಿಗುತ್ತದೆ, ಅದಕ್ಕೆ ಬದಲಾಯಿಸಿ, ಮುಗಿಯಿತು. ಅಜ್ಜಿ ಅಲ್ಲಿಯೇ ತಲೆಯಾಡಿಸಿದರು. ತಾಯಿ ಮಾತ್ರ ನನ್ನ ಕೋಣೆಗೆ ವಾಪಸು ಬಂದು ನಿಂತು ಕೇಳಿದರು. "ಮೇಡಂ, ಸೋಯಾ ಮಗೂಗೆ ಆಗೋದೇ ಇಲ್ವಾ, ಇಲ್ಲಾ ಸೋಯಾ ಕೊಟ್ರೆ ನಿಮಗೆ ಕೆಲ್ಸ ಜಾಸ್ತಿನಾ? ಸರ್ಯಾಗಿ ಹೇಳಿ. ಆಗೋದೇ ಇಲ್ಲ ಅಂದ್ರೆ ಇವತ್ತೇ ಬಿಡ್ತೀನಿ."

ಪ್ರಶ್ನೆ ನ್ಯಾಯವಾಗಿತ್ತು. ಎರಡು ದಿನ ಕೊಡಿ ಎಂದೆ. ನನ್ನ ಮನೆ ಇರುವ ತಾಂಬರಂನಿಂದ ಲೋಕಲ್ ರೈಲಿನಲ್ಲಿ ಹೋಗುತ್ತಾ ಬರುತ್ತಾ ಓದಿದೆ, ಊಟದ ಹೊತ್ತಿನಲ್ಲೂ ಓದಿದೆ. ದಿನ ತುಂಬಿ ಹುಟ್ಟಿದ ಮಕ್ಕಳು ಸೋಯಾ ಪುಡಿಯಲ್ಲಿ ಸರಿಯಾಗಿಯೇ ಬೆಳೆಯುತ್ತವೆ. ದಿನ ತುಂಬದೆ ಹುಟ್ಟಿದವಕ್ಕೆ ಅದು ಬೇಡ. ಹಾಲಿನ ಸಕ್ಕರೆಯನ್ನು ಹುಟ್ಟಿನಿಂದಲೇ ಅರಗಿಸಲಾಗದ ಕೆಲವು ಮಕ್ಕಳಿಗಂತೂ ಅದೇ ದಾರಿ. ಸೋಯಾದಲ್ಲಿ ಹೆಣ್ಣು ಹಾರ್ಮೋನನ್ನು ಹೋಲುವ ಅಂಶ ಇದೆಯಲ್ಲ ಎಂಬ ಆತಂಕಕ್ಕೆ, ಹಾನಿ ಸ್ಪಷ್ಟವಾಗಿ ಕಂಡಿಲ್ಲ, ಆದರೆ ನೋಡುವವರು ಇನ್ನೂ ನೋಡುತ್ತಿದ್ದಾರೆ ಎಂಬಷ್ಟೇ ಉತ್ತರ ಸಿಕ್ಕಿತು. ಸಸ್ಯಾಹಾರಿ ಮನೆಗೆ ಸೋಯಾ ಬೇಕೇ ಬೇಕೆಂದಿಲ್ಲ, ಹಾಲಿನ ಪುಡಿ ಸಾಕು. ವೀಗನ್ ಮನೆಗೆ, ಎದೆಹಾಲು ಇಲ್ಲದಾಗ, ಸೋಯಾ ಬಿಟ್ಟರೆ ನಮ್ಮ ಅಂಗಡಿಗಳಲ್ಲಿ ಬೇರೆ ಆಯ್ಕೆ ಇಲ್ಲವೆಂದೇ ಹೇಳಬೇಕು. ಥೈರಾಕ್ಸಿನ್ ತೆಗೆದುಕೊಳ್ಳುವ ಮಗುವಿಗೂ ಸೋಯಾ ಪೂರ್ತಿ ನಿಷಿದ್ಧವಲ್ಲ. ಮದ್ದಿನ ಪ್ರಮಾಣ ಏರಿಸಬೇಕು, ಮಾತ್ರೆಯನ್ನು ಸೋಯಾದಿಂದ ದೂರ ಇಡಬೇಕು, ಮತ್ತೆ ಮತ್ತೆ ರಕ್ತ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆಹಾರ ಒಂದೇ ಥರ ಇರಬೇಕು. ಇವತ್ತು ಇದು, ನಾಳೆ ಅದು ಎಂದರೆ ಅಳತೆ ಕೂರುವುದಿಲ್ಲ.

ನನ್ನ ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ. ಆ ಸೋಯಾ ಡಬ್ಬಿಯ ಮೇಲೂ ವಿಟಮಿನ್ ಡಿ3 ಎಂದಿತ್ತು. ಯಾವುದರಿಂದ ಎಂದಿರಲಿಲ್ಲ. ಡಬ್ಬಿಯ ಮೇಲಿನ ಗ್ರಾಹಕರ ನಂಬರಿಗೆ ಫೋನ್ ಮಾಡಿದೆ. ಇಂಥ ಪ್ರಶ್ನೆ ಯಾರೂ ಕೇಳಿಲ್ಲ ಮೇಡಂ ಎಂದ ಹುಡುಗಿ ಮೂರನೇ ದಿನ ತಾನೇ ಫೋನ್ ಮಾಡಿ, ಕುರಿಯ ಉಣ್ಣೆಯ ಜಿಡ್ಡಿನಿಂದ ಎಂದಳು. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇತ್ತು. ಅಜ್ಜಿಯ ಲೆಕ್ಕದಲ್ಲಿ ಅದು ಪಾಸು, ತಾಯಿಯ ಲೆಕ್ಕದಲ್ಲಿ ಫೇಲು. ಮುಚ್ಚಿಡುವುದು ಸರಿಯಲ್ಲ ಎನಿಸಿ ತಾಯಿಗೆ ಹೇಳಿಯೇಬಿಟ್ಟೆ.

ಅವರು ಡಬ್ಬಿ ಎತ್ತಿ ತಿರುಗಿಸಿ ನೋಡಿದರು. "ಹಂಗಾದ್ರೆ ನನ್ನ ಮಗಳು ಕುರಿ ಉಣ್ಣೆ ತಿಂದ್ಕೊಂಡೇ ಬೆಳೀತಿದಾಳೆ ಅನ್ನಿ," ಎಂದು ನಕ್ಕರು. ಆಮೇಲೆ, "ಆದಷ್ಟು ಆಗ್ಲಿ ಮೇಡಂ. ಪೂರ್ತಿ ಆಗಲ್ಲ ಅಂತ ಆಗೋದನ್ನೂ ಬಿಡೋಕಾಗುತ್ತಾ? ಸೋಯಾನೇ ಇರ್ಲಿ. ನೀವು ಹೇಳಿದ್ದೆಲ್ಲಾ ಮಾಡ್ತೀನಿ," ಎಂದರು.

ಡಾಕ್ಟರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಅಷ್ಟರಲ್ಲಾಗಲೇ ಅವರು ಒಂದೂವರೆ ಇದ್ದ ಮಾತ್ರೆಯನ್ನು ಎರಡಕ್ಕೆ ಏರಿಸಿದ್ದರು. ಬೆಳಿಗ್ಗೆ ಐದೂವರೆಗೆ ಮಾತ್ರೆಯನ್ನು ಕಾದಾರಿದ ನೀರಿನಲ್ಲಿ ಕದಡಿ ಒಳಲೆಯಲ್ಲಿ ಕುಡಿಸುವುದು, ಒಂದು ಗಂಟೆ ಬಿಟ್ಟು ಮೊದಲ ಬಾಟಲಿ. ದಿನಕ್ಕೆ ಆರು ಬಾಟಲಿ. ಸೋಯಾ ಪುಡಿ ಬಿಟ್ಟು ಬೇರೆ ಯಾವ ಹಾಲೂ ಇಲ್ಲ. ನಾನೇ ಒಂದು ಹಾಳೆಯಲ್ಲಿ ಚಾರ್ಟ್ ಗೀಚಿಕೊಟ್ಟೆ. ಎಡಕ್ಕೆ ಆರು ಹೊತ್ತು, ಮೇಲೆ ತಾರೀಕು, ನಡುವೆ ಖಾಲಿ ಚೌಕಗಳು. ಮಗು ಕುಡಿದ ಮೇಲೆ ಒಂದು ಗೀಟು ಹಾಕಿ ಎಂದು ಇಬ್ಬರಿಗೂ ಹೇಳಿದೆ. ಬೇರೆ ಹಾಲು ಏನಾದರೂ ಕೊಡುತ್ತೀರಾ ಎಂದು ತಾಯಿಯನ್ನು ಕೇಳಿದೆ, ಇಲ್ಲ ಎಂದರು. ಪಕ್ಕದಲ್ಲಿದ್ದ ಅಜ್ಜಿಯನ್ನು ಪ್ರತ್ಯೇಕವಾಗಿ ಕೇಳಬೇಕೆಂದು ನನಗೆ ತೋಚಲಿಲ್ಲ.

ಎರಡು ವಾರಕ್ಕೆ ರಕ್ತ ನೋಡಿದಾಗ ಅಂಕಿಗಳು ಅಚ್ಚುಕಟ್ಟಾಗಿ ಕೂತಿದ್ದವು. ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕಾಗ ಹೆಬ್ಬೆರಳು ಎತ್ತಿ ತೋರಿಸಿದರು. ನಾನು ಆ ದಿನ ಕ್ಯಾಂಟೀನಿನಲ್ಲಿ ಎರಡನೇ ಕಾಫಿ ಕುಡಿದೆ, ಸ್ವಲ್ಪ ಜಂಭದಿಂದಲೇ.

ಅದಾಗಿ ನಾಲ್ಕು ವಾರಕ್ಕೆ ಜಂಭ ಇಳಿಯಿತು. ಮಗುವಿಗೆ ನಿದ್ದೆ ಇಲ್ಲ, ಸುಮ್ಮನೆ ಮಲಗಿದ್ದರೂ ತಲೆ ಬೆವರುತ್ತದೆ, ಭೇದಿ ಬೇರೆ. ರಕ್ತದಲ್ಲಿ ಟಿಎಸ್‌ಎಚ್ ನೆಲ ಕಚ್ಚಿತ್ತು, ಹಾರ್ಮೋನ್ ಮೇಲೇರಿತ್ತು. ಆರು ವಾರದ ಹಿಂದೆ ಮದ್ದು ಸಾಲದೆ ಇದ್ದ ಮಗುವಿಗೆ ಈಗ ಮದ್ದು ಹೆಚ್ಚಾಗಿತ್ತು. ಅದೇ ಮಾತ್ರೆ, ಅದೇ ಹೊತ್ತು, ಅದೇ ಸೋಯಾ.

"ಒಂದೂವರೆಗೆ ಇಳಿಸ್ತೀನಿ," ಎಂದರು ಡಾಕ್ಟರು.

ನಾನು ಬೇಡ ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ. ಎರಡು ಪರೀಕ್ಷೆಗಳ ನಡುವೆ ಆ ಮನೆಯಲ್ಲಿ ಏನೋ ಬದಲಾಗಿದೆ, ಅದು ಏನೆಂದು ತಿಳಿಯದೆ ಮದ್ದು ಇಳಿಸಿದರೆ, ನಾಳೆ ಆ ಕಾರಣ ತಾನಾಗಿಯೇ ಹೋದಾಗ ಅಂಕಿ ಮತ್ತೆ ಮೂವತ್ತಕ್ಕೆ ಏರುತ್ತದೆ, ನಾವು ಮತ್ತೆ ಏರಿಸುತ್ತೇವೆ. ಮಿದುಳು ಬೆಳೆಯುವ ತಿಂಗಳುಗಳಲ್ಲಿ ಮಗುವನ್ನು ಹೀಗೆ ಜೋಕಾಲಿ ಆಡಿಸುವುದೇ? ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ದಿನ. ಅದಕ್ಕಿಂತ ಒಂದು ಗಂಟೆ ಹೆಚ್ಚು ಕೊಡಲ್ಲ," ಎಂದರು.

ತಾಯಿ ಈಗ ಕಾಲೇಜಿಗೆ ಹೋಗುತ್ತಿದ್ದರು, ರಜೆ ಮುಗಿದು ಮೂರು ವಾರವಾಗಿತ್ತು. ಬೆಳಿಗ್ಗೆ ಮಾತ್ರೆ ಅವರದ್ದು, ಆಮೇಲೆ ಸಂಜೆಯವರೆಗೆ ಮಗು ಅಜ್ಜಿಯ ಕೈಯಲ್ಲಿ. "ಆದ್ರೆ ಊಟ ಏನೂ ಬದ್ಲಾಗಿಲ್ಲ ಮೇಡಂ, ಚಾರ್ಟ್ ನೋಡಿ," ಎಂದು ಹಾಳೆಗಳನ್ನು ಹರವಿದರು. ದಿನಕ್ಕೆ ಆರು ಗೀಟು. ಒಂದು ಚೌಕವೂ ಖಾಲಿ ಇರಲಿಲ್ಲ. ಅಷ್ಟು ಶಿಸ್ತಿನ ಚಾರ್ಟನ್ನು ನಾನು ಅಪರೂಪಕ್ಕೆ ನೋಡಿದ್ದು. ಮಾತ್ರೆಯ ಬ್ಯಾಚು ಬದಲಾಗಿದೆಯೇ ಎಂದು ಪಟ್ಟಿ ತಿರುಗಿಸಿ ನೋಡಿದೆ. ಇಲ್ಲ. ಮಾತ್ರೆ ಎರಡು ಸಲ ಬೀಳುತ್ತಿದೆಯೇ ಎಂದು ಉಳಿದ ಮಾತ್ರೆ ಎಣಿಸಿದೆ. ಸರಿಯಾಗಿತ್ತು.

ಕೊನೆಗೆ ಡಬ್ಬಿಯ ಮುಚ್ಚಳದ ತಾರೀಕು ನೆನಪಾಯಿತು. ಹಳೆಯ ಮುಚ್ಚಳಗಳೇನಾದರೂ ಇವೆಯೇ ಎಂದು ಕೇಳಿದೆ. ತಾಯಿ ಪ್ಲಾಸ್ಟಿಕ್ಕನ್ನು ಸುಮ್ಮನೆ ಬಿಸಾಡುವವರಲ್ಲ, ಎಲ್ಲ ಒಂದು ಚೀಲದಲ್ಲಿ ಕೂಡಿಟ್ಟಿದ್ದರು. ಗಂಡನಿಗೆ ಫೋನ್ ಮಾಡಿ ಫೋಟೋ ತರಿಸಿದರು. ನಾನು ಲೆಕ್ಕ ಹಾಕಿದೆ. ಒಂದು ಬಾಟಲಿಗೆ ಐದು ಚಮಚೆ, ಆರು ಬಾಟಲಿಗೆ ಮೂವತ್ತು. ಒಂದು ಚಮಚೆ ನಾಲ್ಕೂವರೆ ಗ್ರಾಂ. ದಿನಕ್ಕೆ ನೂರ ಮೂವತ್ತೈದು. ನಾನೂರು ಗ್ರಾಮಿನ ಡಬ್ಬಿ ಮೂರು ದಿನಕ್ಕೆ ಮುಗಿಯಬೇಕು. ಹಳೆಯ ಮುಚ್ಚಳಗಳಲ್ಲಿ ಹಾಗೇ ಇತ್ತು, ಮೂರು ಮೂರು ದಿನದ ಅಂತರ. ಕಳೆದ ಮೂರು ವಾರದ ಮುಚ್ಚಳಗಳಲ್ಲಿ ಆರು ದಿನ. ಅರ್ಧಕ್ಕರ್ಧ. ಮಗುವಿನ ತೂಕ ಮಾತ್ರ ಗೆರೆ ಎಳೆದ ಹಾಗೆ ಏರುತ್ತಿತ್ತು. ಹಾಗಾದರೆ ಇನ್ನರ್ಧ ಹೊಟ್ಟೆ ಯಾವುದರಿಂದ ತುಂಬುತ್ತಿತ್ತು?

ತಾಯಿಗೆ ಈ ಲೆಕ್ಕ ತೋರಿಸಲಿಲ್ಲ. ಮಾತ್ರೆ ಕೊಡುವುದನ್ನೂ ಮೊದಲ ಬಾಟಲಿಯನ್ನೂ ಕಣ್ಣಾರೆ ನೋಡಬೇಕು, ನಾಳೆ ಮನೆಗೆ ಬರಬಹುದೇ ಎಂದಷ್ಟೇ ಕೇಳಿದೆ. ಡಯಟೀಷಿಯನ್ ಮನೆಮನೆಗೆ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ಡಾಕ್ಟರು ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ.

ತಾಂಬರಂನಿಂದ ಮೊದಲ ರೈಲು ಹಿಡಿದೆ. ಎಗ್ಮೋರಿನಲ್ಲಿ ಇಳಿದು ಆಟೋ ಮಾಡಿ ಐದು ಕಾಲಿಗೆ ಅವರ ಬಾಗಿಲಲ್ಲಿದ್ದೆ. ಐದೂವರೆಗೆ ತಾಯಿ ಮಾತ್ರೆ ಕದಡಿ, ಒಳಲೆಯ ಮೂತಿಯನ್ನು ಮಗುವಿನ ತುಟಿಗಿಟ್ಟು ನಿಧಾನವಾಗಿ ಕುಡಿಸಿದರು. ಒಳಲೆಯನ್ನು ಮತ್ತೊಂದು ಚಮಚೆ ನೀರಿನಿಂದ ತೊಳೆದು ಅದನ್ನೂ ಕುಡಿಸಿದರು. ತಪ್ಪು ಹುಡುಕಲು ಒಂದು ಎಳೆಯಷ್ಟೂ ಜಾಗ ಇರಲಿಲ್ಲ. ಆಮೇಲೆ ಅವರು ಸ್ನಾನಕ್ಕೆ ಹೋದರು, ಎಂಟಕ್ಕೆ ಮೊದಲು ಕಾಲೇಜಿನ ರೈಲು ಹಿಡಿಯಬೇಕಿತ್ತು. ಆರೂವರೆ ಹೊತ್ತಿಗೆ ಅಜ್ಜಿ ಮಗುವನ್ನು ಸೊಂಟಕ್ಕೇರಿಸಿಕೊಂಡು, "ಬನ್ನಿ ಮ್ಮಾ, ಕೆಳಗೆ ಕಾಫಿ ಕುಡೀರಿ, ಬಾಯ್ಲರ್ ಆಗಿರ್ತದೆ," ಎಂದರು.

ಹೋಟೆಲಿನ ಬಾಗಿಲು ಅರ್ಧ ತೆರೆದಿತ್ತು. ಕೌಂಟರಿನ ಮೇಲ್ಗಡೆ ಕೃಷ್ಣನ ಪಟ, ಪಟದ ಮುಂದೆ ದೀಪ. ಅಜ್ಜಿಯ ಮಗ, ಮಗುವಿನ ಅಪ್ಪ, ಕೌಂಟರು ಒರೆಸುತ್ತಿದ್ದ. ಒಳಗಿನಿಂದ ಅಡುಗೆಯವರು ಒಂದು ಬೆಳ್ಳಿ ಲೋಟದ ತುಂಬ ಹಾಲು ತಂದಿಟ್ಟರು. ಅಜ್ಜಿ ಅದನ್ನು ಪಟದ ಮುಂದಿಟ್ಟು ಕಣ್ಣು ಮುಚ್ಚಿ ಕೈಮುಗಿದರು, ಹಾಲು ಆರಲೆಂದು ಅಲ್ಲೇ ಬಿಟ್ಟು ನನಗೆ ಕಾಫಿ ತರಿಸಿದರು. ಸ್ವಲ್ಪ ಹೊತ್ತಿನ ನಂತರ ಕುರ್ಚಿಯಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸೆರಗಿನ ಗಂಟಿನಿಂದ ಇನ್ನೊಂದು ಒಳಲೆ ತೆಗೆದು, ಲೋಟದ ಹಾಲನ್ನೆಲ್ಲ ಅದರಲ್ಲಿ ಬಗ್ಗಿಸಿ ಬಗ್ಗಿಸಿ ಕುಡಿಸಿದರು. ಲೋಟ ಖಾಲಿಯಾಯಿತು. ನನ್ನ ಕಾಫಿ ಕೈಯಲ್ಲೇ ಆರುತ್ತಿತ್ತು.

"ಅಮ್ಮ, ಬೇರೆ ಹಾಲು ಕೊಡ್ತಿಲ್ಲ ಅಂತ ನಿಮ್ಮ ಸೊಸೆ ಅಂದಿದ್ರಲ್ಲ?"

"ಹಾಲು ನಾನೆಲ್ಲಿ ಕೊಟ್ಟೆ?" ಅಜ್ಜಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಇದು ಪ್ರಸಾದ ಅಲ್ವಾ! ನಮ್ಮ ಮಾವನವರ ಕಾಲದಿಂದ ಉಂಟು. ಹೊಸ ಹಾಲು ಕಾಯಿಸಿದ ಕೂಡ್ಲೇ ಮೊದಲನೇ ಲೋಟ ಕೃಷ್ಣನಿಗೆ, ಅಪ್ಪುರಂ ಮನೆಯ ಚಿಕ್ಕ ಮಗುವಿಗೆ. ಐದು ತಿಂಗಳು ತುಂಬಿದ ಮೇಲೆ ಸುರು ಮಾಡುದು. ಇವನೂ ಕುಡಿದೇ ಬೆಳೆದದ್ದು."

"ದಿನಕ್ಕೆ ಎಷ್ಟು ಸಲ?"

"ಬೆಳಿಗ್ಗೆ, ಹನ್ನೊಂದಕ್ಕೆ, ಮೂರು ಗಂಟೆಗೆ. ಬಾಯ್ಲರಿಗೆ ಹಾಲು ಹೊಯ್ದಾಗೆಲ್ಲ."

ಮೂರು ಲೋಟ. ಆರರಲ್ಲಿ ಮೂರು ಬಾಟಲಿ. ಐದೂವರೆಗೆ ಮಾತ್ರೆ ಕುಡಿದ ಮಗುವಿನ ಹೊಟ್ಟೆಗೆ ಮೊದಲ ಸೋಯಾ ಬೀಳುತ್ತಿದ್ದದ್ದು ಒಂಬತ್ತು ಗಂಟೆಯ ಮೇಲೆ. ಸೋಯಾಕ್ಕೆಂದು ಏರಿಸಿದ ಮದ್ದೆಲ್ಲ ಮೈಗೆ ಸೇರುತ್ತಿತ್ತು. ಅದು ಸಾಲದೆಂಬಂತೆ, ವರ್ಷ ತುಂಬದ ಮಗುವಿಗೆ ಊಟದ ಬದಲು ಹಸುವಿನ ಹಾಲು ಕೊಟ್ಟರೆ ರಕ್ತದ ಕಬ್ಬಿಣ ಇಳಿಯುತ್ತದೆ, ಅದೊಂದು ಬೇರೆ ತಲೆನೋವು.

"ಮತ್ತೆ ಚಾರ್ಟಲ್ಲಿ ಗೀಟು?"

"ಮಗು ಕುಡಿದಿದೆ ಅಲ್ವಾ? ಕುಡಿದ ಮೇಲೆ ಗೀಟು ಹಾಕಿ ಅಂತ ನೀವೇ ಹೇಳಿದ್ದು."

ನಾನೇ ಹೇಳಿದ್ದು, ನಾನೇ ಗೀಚಿದ ಚಾರ್ಟು. ಕುಡಿಯಿತೇ ಎಂದು ಕೇಳಿದ್ದೆ, ಏನನ್ನು ಕುಡಿಯಿತು ಎಂದು ಬರೆಯಲು ಜಾಗವನ್ನೇ ಬಿಟ್ಟಿರಲಿಲ್ಲ. ಕೌಂಟರಿನ ಹಿಂದಿದ್ದ ಮಗ ಬಟ್ಟೆ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದ. ದಿನವೂ ನೋಡುತ್ತಿದ್ದ ಅವನು ಅತ್ತೆ ಸೊಸೆ ಮಾತಾಡಿಕೊಂಡೇ ಇದನ್ನು ಮಾಡುತ್ತಿದ್ದಾರೆ ಎಂದುಕೊಂಡಿದ್ದನಂತೆ.

ಮಗುವಿನ ಬೆವರು, ನಿದ್ದೆಗೇಡು ಎಲ್ಲ ಎಲ್ಲಿಂದ ಬಂತೆಂದು ನಾನು ಬಿಡಿಸಿ ಹೇಳಿದೆ. ಅಜ್ಜಿ ಸೆರಗಿನಿಂದ ಮಗುವಿನ ಹಣೆ ಒರೆಸಿದರು. "ಅವಳಿಗೆ ಹೇಳ್ಬೇಡಿ ಮ್ಮಾ," ಎಂದರು ತಗ್ಗಿದ ದನಿಯಲ್ಲಿ. "ನಾಳೆಯಿಂದ ಕೊಡುದಿಲ್ಲ. ಅಲ್ಲಿಗೆ ಮುಗೀತಲ್ಲ."

ಆ ಕ್ಷಣ ನನಗೆ ಆಸೆಯಾದದ್ದು ನಿಜ. ಹಾಲು ನಿಂತರೆ ಅಂಕಿ ತಾನಾಗಿ ಸರಿಹೋಗುತ್ತದೆ. ಡಾಕ್ಟರಿಗೆ ಏನೋ ಒಂದು ಹೇಳಿದರಾಯಿತು. ಒಂದು ಮನೆಯ ನೆಮ್ಮದಿ ಉಳಿಯುತ್ತದೆ, ನನ್ನ ಚಾರ್ಟಿನ ಮಾನವೂ ಉಳಿಯುತ್ತದೆ. ಆದರೆ ಈ ಮಗುವಿಗೆ ಮುಂದಿನ ಎರಡು ಮೂರು ವರ್ಷ ಮದ್ದಿನ ಅಳತೆ ಮಾಡುವವರು ಮನೆಯಲ್ಲಿ ಇರುವ ಇಬ್ಬರೇ, ಈ ತಾಯಿ ಮತ್ತು ಈ ಅಜ್ಜಿ. ಅವರಲ್ಲೊಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರ ಕೈಯಲ್ಲಿ ನಡೆಯುವ ಹಾಗಾದರೆ ಮುಂದೆ ಯಾವ ಅಂಕಿಯನ್ನೂ ನಾವು ನಂಬುವಂತಿಲ್ಲ.

"ಡಾಕ್ಟರಿಗೆ ನಾನು ಈಗಲೇ ಹೇಳ್ಬೇಕು ಅಮ್ಮ," ಎಂದೆ. "ನಿಮ್ಮ ಸೊಸೆಗೆ ನೀವೇ ಹೇಳಿ. ಇವತ್ತೇ, ನಾನಿರುವಾಗಲೇ. ತಪ್ಪು ನಂದೂ ಇದೆ, ಅದನ್ನ ನಾನು ಹೇಳ್ತೀನಿ."

ಅಜ್ಜಿ ಲೋಟ ಕೆಳಗಿಟ್ಟರು. ಮಗುವನ್ನು ಮಗನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ತಾಯಿ ತಲೆ ಒರೆಸಿಕೊಳ್ಳುತ್ತಾ ಬಂದವರು ನಮ್ಮಿಬ್ಬರ ಮುಖ ನೋಡಿ ನಿಂತರು. ಅಜ್ಜಿ ಪ್ರಸಾದದಿಂದ ಶುರುಮಾಡಿದರು, ಮಾವನವರ ಹೆಸರು ತಂದರು, ಬಾಯ್ಲರ್ ತಂದರು. ನಡುವೆ ತಾವೇ ನಿಲ್ಲಿಸಿಬಿಟ್ಟರು. "ಇಲ್ಲ. ಪ್ರಸಾದಕ್ಕೆ ತುಳಸಿದಳದಲ್ಲಿ ಒಂದು ಹನಿ ಸಾಕಿತ್ತು. ಲೋಟ ತುಂಬ ಕುಡಿಸಿದ್ದು ನಾನು. ಹಾಲಿನ ಮನೆಯಲ್ಲಿ ಹುಟ್ಟಿದ ಮಗು ಹಾಲಿನ ರುಚಿ ಕಾಣದೆ ಬೆಳಿತದಲ್ಲ ಅಂತ ನಂಗೆ ಸಂಕಟ ಆಗ್ತಿತ್ತು. ದೇವರನ್ನು ಮುಂದೆ ಮಾಡಿಕೊಂಡೆ."

ತಾಯಿ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಮೆಲ್ಲಗೆ ಹೇಳಿದರು. "ನೀವು ಗೀಟು ಹಾಕ್ತಿದ್ರಲ್ಲ ಅತ್ತೆ. ಸಂಜೆ ಬಂದು ಅದನ್ನ ನೋಡಿ, ಪರ್ವಾಗಿಲ್ಲ, ನಾನು ಕೆಲ್ಸಕ್ಕೆ ಹೋದ್ರೂ ನನ್ನ ಮಗೂಗೆ ಏನೂ ಕಮ್ಮಿ ಆಗ್ತಿಲ್ಲ ಅನ್ಕೋತಿದ್ದೆ." ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಾರ್ಟಿನ ತಪ್ಪು ನನ್ನದು ಎಂದು ನಾನು ಬಾಗಿಲಿಗೆ ಹೇಳಿದೆ. ಆ ದಿನ ಅವರು ಕಾಲೇಜಿಗೆ ಹೋಗಲಿಲ್ಲ.

ಮೆಟ್ಟಿಲ ಮೇಲೆ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಡೋಸ್ ಮುಟ್ಟಲ್ಲ. ಸೋಯಾ ಆದ್ರೆ ಪೂರ್ತಿ ಸೋಯಾ, ಹಾಲಿನ ಪುಡಿ ಆದ್ರೆ ಪೂರ್ತಿ ಅದು. ಯಾವುದು ಅಂತ ಮನೆಯವರು ಹೇಳ್ಲಿ," ಎಂದರು. ಬಾಗಿಲು ತೆರೆಯುವವರೆಗೆ ಕಾದೆ. ಎರಡೂ ದಾರಿಯನ್ನು ಇಬ್ಬರ ಮುಂದೆಯೂ ಇಟ್ಟೆ. ಅಜ್ಜಿಯೇ ಹೇಳಿದರು, "ಅವಳು ಹೇಳಿದ್ದೇ ಇರ್ಲಿ. ಸೋಯಾ. ಚಮಚೆ ಲೆಕ್ಕ ನಂಗೆ ಇನ್ನೊಮ್ಮೆ ತೋರಿಸಿ."

ಹೊಸ ಚಾರ್ಟ್ ಅಲ್ಲೇ ಊಟದ ಮೇಜಿನ ಮೇಲೆ ಗೀಚಿದೆ. ಏನು, ಎಷ್ಟು, ಯಾರು ಕೊಟ್ಟರು ಎಂದು ಮೂರು ಸಾಲು. ಈಗ ಆಸ್ಪತ್ರೆಯಲ್ಲೂ ಅದನ್ನೇ ಬಳಸುತ್ತೇನೆ. ಮಗುವನ್ನು ಎತ್ತಿಕೊಳ್ಳುವ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ಹಾಲು ಕೊಡುತ್ತೀರಾ ಎಂದು ಕೇಳದೆ, ಬೆಳಿಗ್ಗೆಯಿಂದ ಬಾಯಿಗೆ ಏನೇನು ಹೋಯಿತು ಎಂದು ಕೇಳುತ್ತೇನೆ. ಜೇನು, ಬಜೆ, ತೀರ್ಥ, ಗ್ರೈಪ್ ವಾಟರ್, ಎಲ್ಲ ಆಗ ಹೊರಗೆ ಬರುತ್ತವೆ.

ಎರಡು ವಾರದ ನಂತರ ಮೂವರೂ ಬಂದರು. ಅತ್ತೆ ಸೊಸೆ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು, ನಡುವೆ ಮಗುವಿನ ಚೀಲ. ನಾನು ವರದಿ ತಂದು ಓದಿದೆ. ಟಿಎಸ್‌ಎಚ್ ಎರಡೂವರೆ. ಹಾರ್ಮೋನ್ ಇರಬೇಕಾದಲ್ಲಿ ಇತ್ತು. ಕಬ್ಬಿಣ ಕಡಿಮೆಯಾಗಿರಲಿಲ್ಲ. ಮಗು ರಾತ್ರಿ ಎಬ್ಬಿಸದೆ ಮಲಗುತ್ತಿದೆ ಎಂದರು ತಾಯಿ. ನಾನು ಏಳುವ ಹೊತ್ತಿಗೆ ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

"ಒಂದು ಕೇಳುದು ಮ್ಮಾ. ಸರಿಯಾಗಿ ಹೇಳಿ. ಆ ಮೂರು ವಾರದಲ್ಲಿ ನನ್ನಿಂದ ಮಗುವಿನ ಬುದ್ಧಿಗೆ ಏನಾದ್ರೂ ಆಯ್ತಾ?"

ಹೀಗೆ ಕೆಲವೇ ವಾರ ಮದ್ದು ಹೆಚ್ಚಾದದ್ದಕ್ಕೆ ಉಳಿಯುವಂಥ ಹಾನಿ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಖಾತ್ರಿ ಮಾತ್ರ ಯಾರೂ ಕೊಡುವುದಿಲ್ಲ, ಮಗು ಕೂರುವುದು, ನಡೆಯುವುದು, ಮಾತಾಡುವುದು ಎಲ್ಲವನ್ನೂ ಹೊತ್ತು ಹೊತ್ತಿಗೆ ನೋಡುತ್ತಾ ಹೋಗಬೇಕು. ಅದನ್ನೇ ಹೇಳಲು ನಾನು ಮತ್ತೆ ಕೂತೆ. ಅಷ್ಟರಲ್ಲಿ ತಾಯಿ ಚೀಲವನ್ನು ಎತ್ತಿ ಕೆಳಗಿಟ್ಟು, ಬೆಂಚಿನ ಮೇಲೆ ಸರಿದು ಅತ್ತೆಯ ಪಕ್ಕಕ್ಕೆ ಬಂದರು.

"ಕೇಳೋದಾದ್ರೆ ನಂದೂ ಸೇರಿಸಿ ಕೇಳಿ ಅತ್ತೆ," ಎಂದರು. "ಮೊದ್ಲು ಆ ಅಂಕಿ ಏರಿಸಿದ್ದು ನಾನು. ಆಮೇಲೆ ಇಳಿಸಿದ್ದು ನೀವು. ಪಾಪ, ನಮ್ಮಿಬ್ರಲ್ಲಿ ಯಾರು ಏನು ಕೊಟ್ರೂ ಕುಡಿದಿದ್ದು ಇದೊಂದೇ." ಮಗುವನ್ನು ಎತ್ತಿ ಅಜ್ಜಿಯ ಮಡಿಲಿಗೆ ಹಾಕಿದರು.